ದನಿ ಮೆತ್ತಗಿದ್ದರೆ ಜವಾನರು ಮಾತು ಕೇಳುತ್ತಾರಾ?

ಎನ್‌ಸಿಸಿಯಲ್ಲಿ ನಿಮ್ಮ ಮೆತ್ತಗಿನ ದನಿಗೆ ಹುಡುಗರು ಬಗ್ಗಲ್ಲ, ನಾಳೆ ಸೇನೆಯಲ್ಲಿ ಅಧಿಕಾರಿಯಾದರೆ ಏನು ಗತಿ ಅಂತ ಕೇಳಿದ್ದೀರಿ. ಧೈರ್ಯವಾಗಿರಿ. ಪರೇಡ್ ಮೈದಾನ ದಾಟಿದರೆ ಕೂಗಾಟಕ್ಕೆ ಜಾಸ್ತಿ ಬೆಲೆ ಇಲ್ಲ.

ಮುಂದೆ ಸೇನೆಯ ಮುಖ್ಯಸ್ಥರಾದ ನಮ್ಮ ಕೊಡಗಿನ ತಿಮ್ಮಯ್ಯ ಅವರನ್ನೇ ನೋಡಿ. ಓದಿದ್ದು ಇಲ್ಲೇ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. 1948ರಲ್ಲಿ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ದಾರಿಯ ಜೋಜಿ ಲಾ ಕಣಿವೆ ಶತ್ರುಗಳ ಕೈಯಲ್ಲಿತ್ತು. 11,000 ಅಡಿಗೂ ಮೇಲೆ, ಹಿಮದಲ್ಲಿ, ಟ್ಯಾಂಕ್ ಹತ್ತಿಸಬೇಕು! ದಾರಿ ಮಾಡಿಕೊಟ್ಟವರು ನಮ್ಮ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯವರು. ನವೆಂಬರ್ 1ರಂದು ದಾಳಿ ಶುರುವಾದಾಗ ಮೇಜರ್ ಜನರಲ್ ತಿಮ್ಮಯ್ಯ ಮುಂಚೂಣಿಯ ಟ್ಯಾಂಕಿನಲ್ಲೇ ಇದ್ದರು. ಇಡೀ ಡಿವಿಷನ್ನಿನ ಕಮಾಂಡರ್ ಹಿಂದೆ ಕೂತು ಆದೇಶ ಕೊಟ್ಟಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಚಳಿಯಲ್ಲಿ ನಡುಗುವ ಜವಾನನಿಗೆ ಸಾಹೇಬರೇ ಮುಂದಿದ್ದಾರೆ ಅಂತ ಗೊತ್ತಾದರೆ ಬರುವ ಧೈರ್ಯವೇ ಬೇರೆ, ಅಲ್ವಾ?

ಅದು ಯುದ್ಧದ ದಿನ ಸುಮ್ನೆ ಹುಟ್ಟುವ ನಂಬಿಕೆ ಅಲ್ಲ. ನೀವು ಈಗಿನಿಂದಲೇ ಶುರು ಮಾಡಬಹುದು. ಕ್ಯಾಂಪಿನಲ್ಲಿ ಎಲ್ಲರ ತಟ್ಟೆಗೂ ಊಟ ಬಿದ್ದ ಮೇಲೆ ನೀವು ಉಣ್ಣಿ. ಓಟಕ್ಕೆ ಮುಂಚೆ ಯಾರ ಬೂಟು ಕಚ್ಚುತ್ತಿದೆ, ಯಾರ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ ಅಂತ ನೀವೇ ಬಗ್ಗಿ ನೋಡಿ. ಶಿಸ್ತು ಸಡಿಲ ಮಾಡಬೇಡಿ. ತಪ್ಪು ಮಾಡಿದವನನ್ನು ಬದಿಗೆ ಕರೆದು ಗಟ್ಟಿಯಾಗಿ ಹೇಳಿ, ಎಲ್ಲರೆದುರು ಮಾನ ಮಾತ್ರ ಕಳೆಯಬೇಡಿ.