ಎಣಿಕೆ 46 ಇದ್ದೂ ಡೌನ್ ಸಿಂಡ್ರೋಮ್ ಹೇಗೆ?

ಮಗುವಿನ ಕ್ಯಾರಿಯೋಟೈಪ್ (ವರ್ಣತಂತುಗಳನ್ನು ಜೋಡಿಸಿ ಎಣಿಸಿದ ಚಿತ್ರ) ವರದಿಯಲ್ಲಿ ವರ್ಣತಂತುಗಳು ಎಲ್ಲರಂತೆ 46 ಎಂದೇ ಇರುವಾಗ ಡೌನ್ ಸಿಂಡ್ರೋಮ್ ಎಂದು ಬರೆದಿರುವುದು ತಪ್ಪಲ್ಲವೇ ಎಂದು ಕೇಳಿದ್ದೀರಿ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ 21ನೆಯ ವರ್ಣತಂತು ಎರಡರ ಬದಲು ಮೂರಿದ್ದು, ಒಟ್ಟು 47 ಇರುತ್ತವೆ. ವರದಿ ತಪ್ಪಲ್ಲ, ಆದರೆ ಬರಿಯ ಎಣಿಕೆಯನ್ನು ನೋಡಿದರೆ ಯಾರಿಗಾದರೂ ತಪ್ಪೆಂದೇ ಅನ್ನಿಸುತ್ತದೆ. ವರದಿಯಲ್ಲಿ ‘ಡೆರ್ (14;21)’, ಅಂದರೆ 14 ಮತ್ತು 21 ಕೂಡಿ ಆದ ಒಂದೇ ವರ್ಣತಂತು, ಎಂದಿದೆಯಲ್ಲ, ವಿಷಯವಿರುವುದು ಅಲ್ಲಿ. ಚಿತ್ರದಲ್ಲಿ 14ನೆಯ ಜೋಡಿಯನ್ನು ಗಮನಿಸಿ: ಒಂದು ಸಹಜವಾಗಿದ್ದು, ಇನ್ನೊಂದರ ನೆತ್ತಿಯಲ್ಲಿ, ಗಿಡ್ಡ ತೋಳು ಇರಬೇಕಾದ ಕಡೆ, 21ರ ಉದ್ದ ತೋಳು ಅಂಟಿಕೊಂಡಿರುತ್ತದೆ, ಸೆಂಟ್ರೋಮಿಯರ್‌ಗೆ (ಎರಡು ತೋಳುಗಳು ಸೇರುವ ಜಾಗಕ್ಕೆ) ಸಮೀಪದಲ್ಲಿರುವ ದಟ್ಟ ಕಪ್ಪು ಪಟ್ಟಿಯೇ ಅದರ ಗುರುತು. 21ರ ಜಾಗದಲ್ಲಿ ಎಂದಿನಂತೆ ಎರಡು ಇರುವುದರಿಂದ, ಒಟ್ಟು ಎಣಿಕೆ 46 ಆದರೂ ಆ ಉದ್ದ ತೋಳಿನ ಪ್ರತಿಗಳು ಮೂರಾಗುತ್ತವೆ. ಹೀಗೆ ಕೂಡುವಾಗ ಕಳೆದುಹೋದ 14 ಮತ್ತು 21ರ ಗಿಡ್ಡ ತೋಳುಗಳಲ್ಲಿನ ರೈಬೋಸೋಮ್ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಅಂಗ) ಸಂಬಂಧಿ ಜೀನ್‌ಗಳು 13, 15, 22ರಲ್ಲೂ ಇರುವುದರಿಂದ ಆ ನಷ್ಟ ಲೆಕ್ಕಕ್ಕೆ ಬರುವುದಿಲ್ಲ.

ಈಗ ನೀವಿಬ್ಬರೂ ಕ್ಯಾರಿಯೋಟೈಪ್ ಮಾಡಿಸಿಕೊಳ್ಳುವುದು ಅಗತ್ಯವೆಂದೇ ನನ್ನ ಅಭಿಪ್ರಾಯ. ಅನೇಕ ಪ್ರಕರಣಗಳಲ್ಲಿ ಈ ಕೂಡಿಕೆ ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ. ಆದರೆ ತಂದೆ ಅಥವಾ ತಾಯಿ, ಒಂದು 14 ಮತ್ತು ಒಂದು 21 ಕೂಡಿ ಒಂದಾಗಿರುವುದರಿಂದ 45 ವರ್ಣತಂತುಗಳುಳ್ಳ, ಪೂರ್ತಿ ಆರೋಗ್ಯವಂತ ವಾಹಕರಾಗಿರಲೂಬಹುದು. ತಾಯಿ ವಾಹಕರಾಗಿದ್ದರೆ ಮುಂದಿನ ಮಗುವಿಗೂ ಬರುವ ಸಂಭವ ಸುಮಾರು ಶೇ. 10ರಿಂದ 15, ತಂದೆಯಾಗಿದ್ದರೆ ಅದಕ್ಕಿಂತ ಬಹಳ ಕಡಿಮೆ. ಮೂರೂ ವರದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಆನುವಂಶಿಕ ರೋಗತಜ್ಞರನ್ನು ಕಾಣಿರಿ.