ಐದು ವರ್ಷ ವಾರ್ಡಿನಲ್ಲಿ ದುಡಿದವರು ನಾರ್ಸೆಟ್‌ಗೆ ಏನು ಓದಬೇಕು?

ನೀವು ಕೇಳಿರುವುದು ಇಷ್ಟು: ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ದಾವಣಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಂನಲ್ಲಿ ಐದು ವರ್ಷದಿಂದ ಇದ್ದೀರಿ, ಹೆಚ್ಚಾಗಿ ರಾತ್ರಿ ಪಾಳಿ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆಯಾದ ನಾರ್ಸೆಟ್‌ಗೆ ನಾಲ್ಕು ತಿಂಗಳು ಉಳಿದಿದೆ. ಕ್ಲಿನಿಕಲ್ ವಿಷಯಗಳು ಹೇಗೂ ಕೈಯಲ್ಲಿವೆ, ಸಾಮಾನ್ಯ ಜ್ಞಾನ ಮತ್ತು ಗಣಿತ ಓದಿಕೊಂಡರೆ ಸಾಕಲ್ಲವೇ, ಕೆಲಸ ಬಿಟ್ಟು ಬೆಂಗಳೂರಿಗೆ ಕೋಚಿಂಗ್‌ಗೆ ಹೋಗಬೇಕೇ ಎಂದು ಕೇಳಿದ್ದೀರಿ.

ಸಾಕಾಗುವುದಿಲ್ಲ. ಕೈಯಲ್ಲಿವೆ ಎಂದು ನೀವು ನಂಬಿರುವ ವಿಷಯಗಳಲ್ಲೇ ಅಂಕ ಹೋಗುವುದು. ನನಗೆ ಹೋಗಿದ್ದೂ ಅಲ್ಲಿಯೇ.

ನಾನು ಜಗಳೂರು ತಾಲ್ಲೂಕಿನವಳು. ದಾವಣಗೆರೆಯಲ್ಲೇ ಜಿಎನ್‌ಎಂ ಓದಿ, ಅಲ್ಲೇ ನಾಲ್ಕು ವರ್ಷ ಕೆಲಸ ಮಾಡಿದೆ. ಮೊದಲ ಸಲ ಪರೀಕ್ಷೆ ಬರೆದು ಬಂದ ದಿನ ಗೆಳತಿಯರಿಗೆಲ್ಲ ಬೆಣ್ಣೆದೋಸೆ ಕೊಡಿಸಿದ್ದೆ, ಅಷ್ಟು ಧೈರ್ಯ. ಫಲಿತಾಂಶ ಬಂದಾಗ ನನ್ನ ಹೆಸರಿಲ್ಲ. ಕಾಲೇಜಿನಿಂದ ಆಗಷ್ಟೇ ಹೊರಬಿದ್ದ, ಒಂದು ಕ್ಯಾನುಲಾ ಹಾಕಲು ಮೂರು ಸಲ ಚುಚ್ಚುತ್ತಿದ್ದ ಬಿಎಸ್ಸಿ ಹುಡುಗಿಯೊಬ್ಬಳು ಪಾಸಾಗಿದ್ದಳು. ಹೊಟ್ಟೆ ಉರಿಯಿತು. ನೆನಪಿದ್ದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಅವಳ ಪಕ್ಕ ಕುಳಿತೆ. ಆಗ ಗೊತ್ತಾಯಿತು: ಅವಳು ಪುಸ್ತಕದಲ್ಲಿ ಓದಿದ್ದನ್ನು ಬರೆದಿದ್ದಳು, ನಾನು ನಮ್ಮ ವಾರ್ಡಿನಲ್ಲಿ ನಡೆಯುವುದನ್ನು ಬರೆದಿದ್ದೆ.

ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದ ಮೇಲೆ ಅದು ಹೊಟ್ಟೆಯಲ್ಲೇ ಇದೆಯೇ ಎಂದು ಹೇಗೆ ನೋಡುತ್ತೀರಿ? ಸಿರಿಂಜಿನಿಂದ ಗಾಳಿ ಬಿಟ್ಟು, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಗುಳುಗುಳು ಸದ್ದು ಕೇಳುತ್ತೀರಿ. ನಾನೂ ನೂರಾರು ಸಲ ಹಾಗೇ ಮಾಡಿದ್ದೇನೆ. ಪರೀಕ್ಷೆಯಲ್ಲಿ ಅದು ತಪ್ಪು ಉತ್ತರ. ನಳಿಕೆ ಶ್ವಾಸಕೋಶದ ಕಡೆ ಹೋಗಿದ್ದರೂ ಅಂಥದೇ ಸದ್ದು ಕೇಳಬಹುದು. ಖಚಿತ ಉತ್ತರ ಎಕ್ಸ್‌ರೇ. ಹಾಸಿಗೆಯ ಪಕ್ಕದಲ್ಲೇ ಆಗಬೇಕೆಂದರೆ ಹೊರಗೆಳೆದ ದ್ರವದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹೃದಯದ ಔಷಧಿ ಡಿಗಾಕ್ಸಿನ್ ಕೊಡುವ ಮೊದಲು ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನಮ್ಮ ರೂಢಿ. ಪುಸ್ತಕ ಕೇಳುವುದು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ. ವಯಸ್ಕರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ವೈದ್ಯರಿಗೆ ತಿಳಿಸಬೇಕು. ಬಳಸಿದ ಸೂಜಿಗೆ ಮುಚ್ಚಳ ಹಾಕುವುದಂತೂ ನಮ್ಮ ಬೆರಳುಗಳಿಗೆ ಅಂಟಿಕೊಂಡ ಚಾಳಿ. ಹಾಕಬಾರದು, ಸೂಜಿ ನೇರವಾಗಿ ಬಿಳಿ ಡಬ್ಬಿಗೆ, ಐವಿ ಸೆಟ್ ಕೆಂಪು ಚೀಲಕ್ಕೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಗಾಜಿನ ವಯಲ್ ನೀಲಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲಿರುವ ಈ ನಾಲ್ಕು ಬಣ್ಣಗಳ ಮೇಲೆ ಪ್ರಶ್ನೆ ಬರದ ಪರೀಕ್ಷೆಯನ್ನು ನಾನು ಬರೆದೇ ಇಲ್ಲ.

ಎರಡನೇ ಸಲ ಕೂರುವಾಗ ಒಂದು ನೋಟ್‌ಬುಕ್ಕಿನ ಪುಟಗಳನ್ನು ನಡುವೆ ಗೆರೆ ಎಳೆದು ಭಾಗ ಮಾಡಿಕೊಂಡೆ. ಎಡಕ್ಕೆ ‘ನಮ್ಮ ವಾರ್ಡು’, ಬಲಕ್ಕೆ ‘ಪುಸ್ತಕ’. ಎರಡೂ ಬೇರೆಯಾದಾಗ ಮಾತ್ರ ಬರೆಯುತ್ತಿದ್ದೆ. ಹತ್ತು ಹನ್ನೆರಡು ಸಿಗಬಹುದು ಎಂದುಕೊಂಡಿದ್ದೆ, 68 ಸಿಕ್ಕವು. ಆ ಪುಸ್ತಕವನ್ನು ಮಾತ್ರ ನಮ್ಮ ಮೇಟ್ರನ್ ಕೈಗೆ ಸಿಗದಂತೆ ಕಾಪಾಡಿಕೊಂಡೆ.

ಇನ್ನೊಂದು ಬಲೆ ‘ಮೊದಲು ಏನು ಮಾಡುವಿರಿ’ ಎಂಬ ಜಾತಿಯ ಪ್ರಶ್ನೆಗಳು. ನಾಲ್ಕೂ ಆಯ್ಕೆಗಳು ಸರಿಯಾಗಿಯೇ ಇರುತ್ತವೆ, ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ. ಖಾಸಗಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ‘ಡಾಕ್ಟರಿಗೆ ಫೋನ್ ಮಾಡುತ್ತೇನೆ’ ಎಂಬುದೇ ಉಸಿರಾಟದಷ್ಟು ಸಹಜವಾಗಿಬಿಟ್ಟಿರುತ್ತದೆ. ರಕ್ತ ಏರಿಸುತ್ತಿದ್ದಾಗ ರೋಗಿಗೆ ಚಳಿ, ಜ್ವರ, ಸೊಂಟನೋವು ಬಂತು. ನಾವು ವೇಗ ಕಡಿಮೆ ಮಾಡಿ ಫೋನ್ ಎತ್ತಿಕೊಳ್ಳುತ್ತೇವೆ. ಸರಿಯುತ್ತರ: ರಕ್ತ ನಿಲ್ಲಿಸು. ಆಮೇಲೆ ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ರಕ್ತನಾಳವನ್ನು ಉಳಿಸಿಕೊ, ಆಮೇಲೆ ವೈದ್ಯರು, ಆಮೇಲೆ ಚೀಲ ಮತ್ತು ಸೆಟ್ ರಕ್ತನಿಧಿಗೆ. ಹೊಂದದ ರಕ್ತದ ಪ್ರತಿ ಮಿಲಿಯೂ ಹಾನಿಯನ್ನು ಹೆಚ್ಚಿಸುತ್ತದೆ, ಫೋನ್ ರಿಂಗಾಗುವಷ್ಟು ಹೊತ್ತೂ ಅದು ಒಳಗೆ ಹೋಗುತ್ತಲೇ ಇರುತ್ತದೆ. ಹೆರಿಗೆಯಾದವಳ ಗರ್ಭಕೋಶ ಮೆತ್ತಗಾಗಿ ರಕ್ತ ಹೋಗುತ್ತಿದ್ದರೆ ಮೊದಲ ಕೆಲಸ ಗರ್ಭಕೋಶವನ್ನು ಉಜ್ಜುವುದು. ಅದು ಹೊಕ್ಕುಳಿಗಿಂತ ಮೇಲೇರಿ ಬಲಕ್ಕೆ ಸರಿದಿದೆ ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ ಮೂತ್ರಕೋಶ ತುಂಬಿದೆ ಎಂದರ್ಥ, ಅದನ್ನು ಖಾಲಿ ಮಾಡಿಸಬೇಕು. ಒಂದು ಪದದಲ್ಲಿ ಉತ್ತರ ಬದಲಾಗುತ್ತದೆ. ನನ್ನಂತೆ ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಪ್ರಶ್ನೆಯ ಇಂಗ್ಲಿಷನ್ನು ನಿಧಾನವಾಗಿ ಎರಡು ಸಲ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ‘ಎಕ್ಸೆಪ್ಟ್’ ಎಂಬ ಪದ ಕಣ್ಣಿಗೆ ಬೀಳದೆ ನಾನು ಕಳೆದುಕೊಂಡ ಅಂಕಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಓದುವ ಕ್ರಮದ ಬಗ್ಗೆ. ವಿಷಯವಾರು ವೇಳಾಪಟ್ಟಿ ಹಾಕಿಕೊಂಡು ಸೋಮವಾರ ಅನಾಟಮಿ, ಮಂಗಳವಾರ ಫಾರ್ಮಕಾಲಜಿ ಎನ್ನುವವರಿದ್ದಾರೆ. ರಾತ್ರಿ ಪಾಳಿಯವರಿಗೆ ಅದು ಒಂದು ವಾರವೂ ನಡೆಯುವುದಿಲ್ಲ. ನಾನು ಮೆಡಿಕಲ್-ಸರ್ಜಿಕಲ್ ನರ್ಸಿಂಗನ್ನು ಬೆನ್ನುಮೂಳೆ ಮಾಡಿಕೊಂಡು ದಿನಕ್ಕೊಬ್ಬ ರೋಗಿಯನ್ನು ಓದಿದೆ. ಹರಪನಹಳ್ಳಿ ಕಡೆಯಿಂದ ಸಕ್ಕರೆ ಏರಿ ಮಂಪರಿನಲ್ಲಿ ಬಂದ ಒಬ್ಬ ರೋಗಿ, ಕೀಟೊಆಸಿಡೋಸಿಸ್ (ಸಕ್ಕರೆ ಕಾಯಿಲೆಯಲ್ಲಿ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ) ಎಂದುಕೊಳ್ಳಿ. ಉಸಿರು ಏಕೆ ಆಳವಾಗಿ, ವೇಗವಾಗಿ ನಡೆಯುತ್ತಿದೆ? ದೇಹ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕುತ್ತಿದೆ, ಶರೀರಕ್ರಿಯಾಶಾಸ್ತ್ರ ಬಂತು. ಮೊದಲು ನಾರ್ಮಲ್ ಸಲೈನ್, ರಕ್ತನಾಳದ ಮೂಲಕ ರೆಗ್ಯುಲರ್ ಇನ್ಸುಲಿನ್, ಫಾರ್ಮಕಾಲಜಿ ಬಂತು. ಇನ್ಸುಲಿನ್ ಹೋದ ಕೂಡಲೇ ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದು ರಕ್ತದಲ್ಲಿ ಇಳಿಯುತ್ತದೆ. ಅದರ ಸಾಮಾನ್ಯ ಮಟ್ಟ 3.5ರಿಂದ 5, ಇಳಿದರೆ ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗುತ್ತದೆ, ಪೊಟ್ಯಾಸಿಯಂ ಕ್ಲೋರೈಡನ್ನು ಎಂದಿಗೂ ನೇರವಾಗಿ ಸಿರಿಂಜಿನಿಂದ ತಳ್ಳಬಾರದು. ಒಬ್ಬ ರೋಗಿಯಿಂದ ನಾಲ್ಕು ವಿಷಯ. ರಾತ್ರಿ ಮೂರು ಗಂಟೆಗೆ ವಾರ್ಡು ತಣ್ಣಗಾದಾಗ ಕೇಸ್ ಶೀಟ್ ತೆರೆದು ಇಪ್ಪತ್ತು ನಿಮಿಷ ಹೀಗೆ ಓದಿದರೆ, ಹಗಲು ನಿದ್ದೆಗಣ್ಣಿನಲ್ಲಿ ಎರಡು ಗಂಟೆ ಓದಿದ್ದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ.

ಲೆಕ್ಕಗಳನ್ನು ಬಿಡಬೇಡಿ. ಐವತ್ತು ಕೆಜಿಯ ಹೆಂಗಸು, ಎದೆ-ಹೊಟ್ಟೆಯ ಮುಂಭಾಗ ಮತ್ತು ಒಂದು ಕೈ ಪೂರ್ತಿ ಸುಟ್ಟಿದೆ. ಬೆಳಿಗ್ಗೆ 9ಕ್ಕೆ ಬೆಂಕಿ, ಆಸ್ಪತ್ರೆ ತಲುಪಿದ್ದು 12ಕ್ಕೆ. ಮೈ ಎಷ್ಟು ಸುಟ್ಟಿದೆ ಎಂದು ಅಂದಾಜಿಸುವ ಒಂಬತ್ತರ ನಿಯಮದಲ್ಲಿ 18 ಮತ್ತು 9 ಸೇರಿ ಶೇಕಡಾ 27. ಮೊದಲ 24 ಗಂಟೆಗೆ ಎಷ್ಟು ದ್ರವ ಏರಿಸಬೇಕೆಂದು ಹೇಳುವ ಪಾರ್ಕ್‌ಲ್ಯಾಂಡ್ ಸೂತ್ರದಂತೆ 4×50×27, ಅಂದರೆ 5400 ಮಿಲಿ. ಅರ್ಧ, 2700 ಮಿಲಿ, ಮೊದಲ ಎಂಟು ಗಂಟೆಯಲ್ಲಿ ಹೋಗಬೇಕು. ಆ ಎಂಟು ಗಂಟೆ ಶುರುವಾಗುವುದು ಸುಟ್ಟ ಹೊತ್ತಿನಿಂದ, ದಾಖಲಾದ ಹೊತ್ತಿನಿಂದ ಅಲ್ಲ. ಮೂರು ಗಂಟೆ ದಾರಿಯಲ್ಲೇ ಕಳೆದಿದೆ, ಉಳಿದ ಐದು ಗಂಟೆಗೆ ಗಂಟೆಗೆ 540 ಮಿಲಿ. ಒಂದು ಮಿಲಿಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ 180 ಹನಿ. ಅಷ್ಟು ಹನಿಗಳನ್ನು ಯಾರೂ ಎಣಿಸಲಾರರು. ಇಂಥ ರೋಗಿಗೆ ಎರಡು ಲೈನ್ ಏಕೆ ಹಾಕುತ್ತಾರೆ ಎಂಬುದು ನನಗೆ ಅರ್ಥವಾಗಿದ್ದು ಈ ಲೆಕ್ಕ ಮಾಡಿದ ಮೇಲೆ. ಅಲ್ಲಿಯವರೆಗೆ ಹೇಳಿದ್ದಕ್ಕೆ ಹಾಕುತ್ತಿದ್ದೆ.

ಪ್ರಸೂತಿ ವಿಷಯದಲ್ಲಿ, ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬರದಂತೆ ಕೊಡುವ ಮ್ಯಾಗ್ನೀಸಿಯಂ ಸಲ್ಫೇಟ್ ಒಂದನ್ನು ಗಟ್ಟಿ ಮಾಡಿ. ಮುಂದಿನ ಡೋಸ್‌ಗೆ ಮೊದಲು ಮಂಡಿಯ ಪ್ರತಿಕ್ರಿಯೆ, ಉಸಿರಾಟ, ಗಂಟೆಗೆ ಕನಿಷ್ಠ 30 ಮಿಲಿ ಮೂತ್ರ ನೋಡಬೇಕು. ವಿಷವೇರಿದರೆ ಕ್ಯಾಲ್ಸಿಯಂ ಗ್ಲುಕೋನೇಟ್. ಮಕ್ಕಳ ವಿಷಯದಲ್ಲಿ ಲಸಿಕೆ ಪಟ್ಟಿ ಮತ್ತು ಬೆಳವಣಿಗೆಯ ಹಂತಗಳು. ಮನೋವೈದ್ಯಕೀಯಕ್ಕೆ ಹೆಚ್ಚಿನವರು ಹೆದರುತ್ತಾರೆ, ಏಕೆಂದರೆ ನಮ್ಮ ಪೋಸ್ಟಿಂಗ್ ಕೆಲವೇ ವಾರಗಳದು. ನಮ್ಮ ತಂಡವನ್ನು ಧಾರವಾಡಕ್ಕೆ ಕಳಿಸಿದ್ದರು, ಅರ್ಧ ದಿನಗಳು ಪೇಡೆ ಅಂಗಡಿಯಲ್ಲೇ ಕಳೆದವು. ಆದರೆ ವಾರ್ಡಿನ ಅಭ್ಯಾಸ ಇಲ್ಲದ ಕಾರಣಕ್ಕೇ ಅಲ್ಲಿ ತಪ್ಪು ಅಭ್ಯಾಸವೂ ಇಲ್ಲ, ಓದಿದ್ದೆಲ್ಲ ಅಂಕವಾಗುತ್ತದೆ. ಮನೋರೋಗದ ಔಷಧಿ ಲಿಥಿಯಂ ರಕ್ತದಲ್ಲಿ 0.6ರಿಂದ 1.2ರ ನಡುವೆ ಇರಬೇಕು, ಉಪ್ಪು ಬಿಟ್ಟರೆ ಏರುತ್ತದೆ.

ಸಮುದಾಯ ಆರೋಗ್ಯವನ್ನು ನಾನು ಒಣ ವಿಷಯ ಎಂದು ತಳ್ಳಿಹಾಕಿದ್ದೆ. ಫ್ಲೋರೋಸಿಸ್ ಪಾಠ ತೆರೆದಾಗ ಅಲ್ಲಿದ್ದುದು ನಮ್ಮ ಅಪ್ಪನ ಕಂದುಗಟ್ಟಿದ ಹಲ್ಲುಗಳು, ಬಾಗದ ಸೊಂಟ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಪಟಿಕ ಮತ್ತು ಸುಣ್ಣ ಬಳಸಿ ಅದನ್ನು ತೆಗೆಯುವುದು ನಲ್ಗೊಂಡ ವಿಧಾನ. ಜಗಳೂರಿನವರಿಗಾಗಲಿ ಚಿತ್ರದುರ್ಗದವರಿಗಾಗಲಿ ಇದನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಉಪಕೇಂದ್ರಕ್ಕೆ ಬಯಲು ಸೀಮೆಯಲ್ಲಿ 5000, ಗುಡ್ಡಗಾಡಿನಲ್ಲಿ 3000 ಜನ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಮತ್ತು 20,000. ಇವನ್ನು ಮಾತ್ರ ಉರುಹೊಡೆಯಲೇಬೇಕು.

ನೀವು ನೆಚ್ಚಿಕೊಂಡಿರುವ ಸಾಮಾನ್ಯ ಜ್ಞಾನ ಮತ್ತು ಗಣಿತಕ್ಕೆ ಮೊದಲ ಹಂತವಾದ ಪ್ರಿಲಿಮ್ಸ್‌ನ 100 ಪ್ರಶ್ನೆಗಳಲ್ಲಿ ಇರುವುದು 20. ಸಮಯ 90 ನಿಮಿಷ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ‘ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ’ ಎಂದು ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕಣ್ಣು ಮುಚ್ಚಿ 12 ಪ್ರಶ್ನೆ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. ಬಂದ ಮೂರು ಹೋದ ಮೂರಕ್ಕೆ ಸಮ. ಆದರೆ ನಾಲ್ಕರಲ್ಲಿ ಒಂದು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಲು ಸಾಧ್ಯವಾದರೆ ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಅಂಥವನ್ನು ಬಿಡಬೇಡಿ.

ಕೋಚಿಂಗ್‌ಗಾಗಿ ಕೆಲಸ ಬಿಡುವುದು ಬೇಡ. ಮೊಬೈಲಿನಲ್ಲಿ ಹಳೆಯ ಪ್ರಶ್ನೆಗಳು ಸಿಗುತ್ತವೆ. ಆ ಹಣದಲ್ಲಿ ಕೊನೆಯ ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಗಡಿಯಾರ ಇಟ್ಟುಕೊಂಡು ಮಾದರಿ ಪರೀಕ್ಷೆ ಬರೆಯಿರಿ.

ಇದೆಲ್ಲಕ್ಕೂ ಮೊದಲು ನೋಡಬೇಕಾದ ಒಂದು ವಿಷಯವನ್ನು ಕೊನೆಗೆ ಹೇಳುತ್ತಿದ್ದೇನೆ, ಕ್ಷಮಿಸಿ. ನಿಮ್ಮ ನರ್ಸಿಂಗ್ ಹೋಂನಲ್ಲಿ ಎಷ್ಟು ಹಾಸಿಗೆಗಳಿವೆ? ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. 30 ಹಾಸಿಗೆಯದಾದರೆ ನಿಮ್ಮ ಐದು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಐವತ್ತು ಇದ್ದರೆ, ಹಾಸಿಗೆ ಸಂಖ್ಯೆ ಮತ್ತು ಸೇರಿದ ದಿನಾಂಕ ಎರಡೂ ಇರುವ ಅನುಭವ ಪತ್ರವನ್ನು ರಜೆಯ ಮಾತೆತ್ತುವ ಮೊದಲೇ ಸಹಿ ಮಾಡಿಸಿಕೊಳ್ಳಿ. ರಜೆ ಕೇಳಿದ ಮೇಲೆ ಹೋದರೆ ಮ್ಯಾನೇಜರು ಯಾವಾಗಲೂ ಊಟಕ್ಕೆ ಹೋಗಿರುತ್ತಾರೆ.