ಹನ್ನೆರಡು ಜನ ಸೇರುವ ಲೇಖಕರ ಓದಿಗೆ ಸರ್ಕಾರದ ಅನುದಾನ ಕೇಳಬಹುದೇ?

ಗ್ರಂಥಾಲಯದ ಕೋಣೆಯಲ್ಲಿ ತಿಂಗಳಿಗೊಬ್ಬ ಲೇಖಕರನ್ನು ಕರೆಸಿ ಓದಿಸುತ್ತೇವೆ, ಹತ್ತು ಹನ್ನೆರಡು ಜನ ಬರುತ್ತಾರೆ, ಇಷ್ಟಕ್ಕೆ ಸಾರ್ವಜನಿಕ ಹಣ ಕೇಳುವುದು ಸರಿಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕೇಳಿ. ಆರು ವರ್ಷದಿಂದ ಇಂಥದ್ದೇ ಒಂದು ಗುಂಪಿನಲ್ಲಿದ್ದೇನೆ. ಅರ್ಜಿ ಬರೆಯುವುದು, ಲೆಕ್ಕ ಇಡುವುದು ಎರಡೂ ನನ್ನ ಪಾಲಿನ ಕೆಲಸ.

ನಮ್ಮ ಮೊದಲ ಅರ್ಜಿ ತಿರಸ್ಕೃತವಾಯಿತು. ಅಂದಾಜು ಪಟ್ಟಿಯಲ್ಲಿ ಮೈಕು, ಬ್ಯಾನರ್, ಆಹ್ವಾನಪತ್ರಿಕೆ, ಕುರ್ಚಿ ಬಾಡಿಗೆ ಎಲ್ಲವೂ ಇದ್ದವು. ಲೇಖಕರ ಸಂಭಾವನೆಯ ಎದುರು ಸೊನ್ನೆ. ‘ಪ್ರೀತಿಯಿಂದ ಬರುತ್ತಾರೆ’ ಎಂದು ಪಕ್ಕದಲ್ಲಿ ಬರೆದೂ ಇದ್ದೆ. ಕಾರಣ ತಿಳಿಸಿ ಎಂದು ಪತ್ರ ಬರೆದಾಗ ಸಮಿತಿಯಿಂದ ಬಂದ ಉತ್ತರ ಒಂದೇ ಸಾಲಿನದು: ಕುರ್ಚಿಗೆ ಬಾಡಿಗೆ ಇದೆ, ಓದುವವರಿಗೆ ಯಾಕಿಲ್ಲ?

ಓದಿ ತಲೆ ತಗ್ಗಿಸುವಂತಾಯಿತು. ಅದರ ಹಿಂದಿನ ತಿಂಗಳಷ್ಟೇ ಒಬ್ಬ ಕತೆಗಾರ್ತಿ ಎರಡು ಬಸ್ಸು ಬದಲಿಸಿ ಬಂದು, ಒಂದು ಗಂಟೆ ಓದಿ, ಎಲ್ಲರ ಪ್ರಶ್ನೆಗೂ ನಿಧಾನವಾಗಿ ಉತ್ತರಿಸಿ, ಕೊನೆಯ ಬಸ್ಸು ತಪ್ಪೀತೆಂದು ಚೀಲ ಹೆಗಲಿಗೇರಿಸಿಕೊಂಡು ಓಡಿದ್ದರು. ಅವರ ಕೈಯಲ್ಲಿ ನಾವಿಟ್ಟದ್ದು ಒಂದು ಸ್ಮರಣಿಕೆ. ಬಸ್ ಚಾರ್ಜನ್ನೂ ಕೇಳಲಿಲ್ಲ ಅವರು, ಕೊಡಬೇಕೆಂದು ನಮಗೂ ಹೊಳೆಯಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟು: ಪಟ್ಟಿಯನ್ನು ಸಂಭಾವನೆಯಿಂದ ಶುರುಮಾಡಿ. ಅದರ ಕೆಳಗೆ ಪ್ರಯಾಣ, ಉಳಿಯುವ ವ್ಯವಸ್ಥೆ. ಮಿಕ್ಕದ್ದೆಲ್ಲ ಆಮೇಲೆ. ಬ್ರಿಟನ್ನಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಹುಟ್ಟಿದಾಗಿನಿಂದ ಹಲವು ದೇಶಗಳು ಒಂದು ಪದ್ಧತಿ ಪಾಲಿಸುತ್ತಿವೆ. ಹಣ ಸರ್ಕಾರದ್ದು, ಯಾರಿಗೆ ಎಂಬ ತೀರ್ಮಾನ ಮಾತ್ರ ಮಂತ್ರಿಗಳದ್ದಲ್ಲ, ಕಲಾ ಮಂಡಳಿಯದ್ದು. ಇಂಥ ಕಡೆ ನಿಮ್ಮ ಅರ್ಜಿ ಓದುವವರಲ್ಲಿ ಲೇಖಕರೂ ಸಂಘಟಕರೂ ಇರುತ್ತಾರೆ. ಬರಿಗೈಲಿ ಮನೆಗೆ ಹೋದ ಸಂಜೆಗಳು ಅವರಿಗೂ ನೆನಪಿರುತ್ತವೆ.

ಇನ್ನು ಜನ ಕಡಿಮೆ ಎಂಬ ಅಳುಕು. ನಮ್ಮನ್ನು ಎರಡನೇ ಸಲ ದಾಟಿಸಿದ್ದು ಒಂದು ಹಳೇ ನೋಟ್ ಬುಕ್ಕು. ಪ್ರತಿ ಓದಿನ ದಿನ ಬಾಗಿಲ ಬಳಿ ಇಟ್ಟಿರುತ್ತಿದ್ದೆವು. ಬಂದವರು ಹೆಸರು ಬರೆದು, ಮನಸ್ಸಾದರೆ ಒಂದು ಸಾಲು ಬರೆಯುತ್ತಿದ್ದರು. ಒಂದು ತಿಂಗಳು 14, ಇನ್ನೊಂದು ತಿಂಗಳು 11, ಜೋರು ಮಳೆಯ ದಿನ 6. ಒಂದು ಪುಟದಲ್ಲಿ ಯಾರೋ ‘ಶಾಲೆ ಬಿಟ್ಟ ಮೇಲೆ ಕತೆ ಕೇಳಿದ್ದು ಇವತ್ತೇ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಸಂಖ್ಯೆಯನ್ನು ಉಬ್ಬಿಸದೆ, ಹೆಸರು ಕಾಣದಂತೆ ಆ ಪುಟಗಳ ಪ್ರತಿಯನ್ನು ಹಾಗೇ ಲಗತ್ತಿಸಿದೆವು. ಆರು ಜನ ಎಂದು ಬರೆಯಲು ಹಿಂಜರಿಯಬೇಡಿ. ಪ್ರತಿ ತಿಂಗಳು ತಪ್ಪದೆ ನಡೆದಿದೆ ಎಂಬುದಕ್ಕೆ ಬೆಲೆ ಇದೆ.

ನಿಮ್ಮ ಪಾಲಿನ ಹಣ ತೋರಿಸಿ ಎಂದು ಕೆಲವು ಕಡೆ ಕೇಳುತ್ತಾರೆ. ಅಮೆರಿಕದಲ್ಲಿ 1965ರಲ್ಲಿ ಶುರುವಾದ ಕಲಾ ದತ್ತಿ ಸಂಸ್ಥೆ ಸಾಮಾನ್ಯವಾಗಿ ತಾನು ಕೊಡುವಷ್ಟನ್ನೇ ಅರ್ಜಿದಾರರೂ ಹೊಂದಿಸಬೇಕು ಎನ್ನುತ್ತದೆ. ಗಾಬರಿಯಾಗಬೇಡಿ. ಉಚಿತವಾಗಿ ಸಿಕ್ಕ ಕೋಣೆ, ಸ್ವಯಂಸೇವಕರ ದುಡಿಮೆ, ಇವಕ್ಕೂ ಬೆಲೆ ಕಟ್ಟಿ ನಿಮ್ಮ ಪಾಲಿಗೆ ಸೇರಿಸಲು ಅಲ್ಲಿ ಅವಕಾಶವಿದೆ. ನೀವು ಅರ್ಜಿ ಹಾಕುವಲ್ಲಿಯೂ ಹೀಗಿದೆಯೇ ಎಂದು ನಿಯಮಾವಳಿಯಲ್ಲಿ ನೋಡಿ, ಇದ್ದರೆ ಗ್ರಂಥಾಲಯದಿಂದ ಒಂದು ಪತ್ರ ಬರೆಸಿಕೊಳ್ಳಿ.

ಗುಂಪು ನೋಂದಣಿಯಾಗಿಲ್ಲದಿದ್ದರೆ ಗ್ರಂಥಾಲಯದ ಹೆಸರಲ್ಲೇ ಹಾಕಬಹುದೇ ಎಂದು ಮೊದಲೇ ವಿಚಾರಿಸಿ.

ಹಣ ಎಷ್ಟೋ ಸಲ ಕಂತಿನಲ್ಲಿ ಬರುತ್ತದೆ, ಕೊನೆಯ ಕಂತು ಖರ್ಚಿನ ವರದಿ ಕೊಟ್ಟ ಮೇಲೆ. ಆದರೆ ಲೇಖಕರನ್ನು ಕಾಯಿಸಬೇಡಿ. ನಾವು ಒಂದು ಓದಿಗೆ ಸಾಕಾಗುವಷ್ಟು ಹಣವನ್ನು ಸದಸ್ಯರ ವಂತಿಗೆಯಿಂದ ಬೇರೆ ಇಟ್ಟಿದ್ದೇವೆ. ಅಂದೇ ಸಂಜೆ ಸಂಭಾವನೆ ಕೊಟ್ಟು ರಸೀದಿಗೆ ಸಹಿ ಹಾಕಿಸಿಕೊಳ್ಳುತ್ತೇವೆ. ಅನುದಾನ ಸಿಕ್ಕ ವರ್ಷ ಮೊದಲು ಕರೆದದ್ದು ಆ ಕತೆಗಾರ್ತಿಯನ್ನೇ. ಲಕೋಟೆಯನ್ನು ಓದುತ್ತಿದ್ದ ಪುಸ್ತಕದೊಳಗೆ ಗುರುತಿನಂತೆ ಇಟ್ಟುಕೊಂಡು, ‘ಇನ್ನೊಂದು ಕತೆ ಇದೆ, ಓದಲೇ?’ ಎಂದರು.

ಹಾಂ, ಮಂಜೂರಾತಿ ಪತ್ರಕ್ಕಿಂತ ಮುಂಚಿನ ಖರ್ಚನ್ನು ಬಹಳ ಕಡೆ ಒಪ್ಪುವುದಿಲ್ಲ. ಅರ್ಜಿಯಲ್ಲಿ ತೋರಿಸುವ ಮೊದಲ ಓದಿನ ದಿನಾಂಕವನ್ನು ಅದಕ್ಕೆ ತಕ್ಕಂತೆ ಮುಂದಕ್ಕೆ ಇಡಿ.